ಗೀಚಿದ ಗೆರೆ ತಗಡಿಗೆ ಇಳಿದಾಗ

ಫೋನಿನಲ್ಲಿ ಮಾತನಾಡುವಾಗ ಕೈ ತಾನಾಗಿ ಗೀಚುವ ಚಿತ್ರಗಳನ್ನು ತಗಡಿನಲ್ಲಿ ಕೊರೆದು ಗೋಡೆಗೆ ಹಾಕುವ ನನ್ನ ಹುಚ್ಚಿನ ಬಗ್ಗೆ ಎರಡು ಸಂಚಿಕೆಗಳ ಹಿಂದೆ ಈ ಪುಟದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟನ್ನು ಸಂಪಾದಕರು ನನ್ನ ಮೇಜಿಗೇ ಸಾಗಹಾಕಿದ್ದಾರೆ. ಉತ್ತರಿಸುವ ಮೊದಲು ಒಂದು ಮಾತು. ನಾನು ಕಲಾಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹದಿನೆಂಟು ವರ್ಷ ತಗಡಿನ ವರ್ಕ್‌ಷಾಪಿನಲ್ಲಿ ಗಾಳಿ ಕೊಳವೆ, ಸ್ವಿಚ್ ಪೆಟ್ಟಿಗೆ, ಯಂತ್ರಗಳ ಮುಚ್ಚಳ ಮಾಡಿದವಳು. ಹಾಗಾಗಿ ನನ್ನ ಉತ್ತರಗಳಲ್ಲಿ ಸೌಂದರ್ಯಶಾಸ್ತ್ರ ಕಡಿಮೆ, ಕಬ್ಬಿಣದ ಪುಡಿ ಜಾಸ್ತಿ.

ಪ್ರ: ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿದ ಕುದುರೆಯೊಂದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ವೆಕ್ಟರ್ ರೂಪಕ್ಕೆ, ಅಂದರೆ ಬಿಂದುಗಳನ್ನು ಜೋಡಿಸಿ ಎಳೆದ ಗೆರೆಗಳಿಗೆ, ತಿರುಗಿಸಿ, ಲೇಸರ್‌ನಲ್ಲಿ ಕತ್ತರಿಸಿಕೊಡುವವರಿಗೆ ಕಳುಹಿಸಿದೆ. ಬಂದದ್ದು ಕುದುರೆಯೇ, ಆದರೆ ಸತ್ತ ಕುದುರೆ. ಕಾಗದದ ಮೇಲಿದ್ದ ಜೀವ ಎಲ್ಲಿ ಹೋಯಿತು? ಎರಡರ ಫೋಟೊಗಳನ್ನೂ ಇಟ್ಟಿದ್ದೇನೆ.

ಉ: ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಲೇಸರ್‌ನವರ ಮೇಲೆ ಸಿಟ್ಟಾಗಬೇಡಿ. ಅವರ ಕೈಗೆ ಹೋಗುವ ಮೊದಲೇ ಕುದುರೆಯ ಪ್ರಾಣ ಹೋಗಿತ್ತು.

ಕಾಗದದ ಮೇಲಿನ ಗೆರೆಗೆ ತಗಡಿನಲ್ಲಿ ಮೂರು ಬಗೆಯ ಜನ್ಮ ಸಾಧ್ಯ. ಗೆರೆ ಸೀಳಾಗಬಹುದು: ತಗಡು ಇಡಿಯಾಗಿ ಉಳಿದು, ಗೆರೆ ಇದ್ದ ಕಡೆ ಬೆಳಕು ತೂರುತ್ತದೆ. ಗೆರೆಯೇ ಲೋಹವಾಗಬಹುದು: ಸುತ್ತಲಿನದೆಲ್ಲ ಕಳಚಿ ಬಿದ್ದು, ಪಟ್ಟಿಯಂಥ ಗೆರೆ ಮಾತ್ರ ನಿಲ್ಲುತ್ತದೆ. ಇಲ್ಲವೇ ಗೆರೆ ಬರೀ ಅಂಚಾಗಬಹುದು: ಅದು ಸುತ್ತುವರಿದ ಆಕಾರ ನೆರಳಿನಂತೆ ಇಡಿಯಾಗಿ ನಿಂತು, ಗೆರೆಯೇ ಮಾಯವಾಗುತ್ತದೆ. ನಿಮ್ಮ ಕುದುರೆಯ ಚೆಲುವೆಲ್ಲ ಇದ್ದದ್ದು ಕತ್ತಿನಿಂದ ಬಾಲದ ತುದಿಯವರೆಗೆ ಒಂದೇ ಉಸಿರಿಗೆ ಎಳೆದ ಗೆರೆಯಲ್ಲಿ. ನೀವು ಅದನ್ನು ಅಂಚು ಮಾಡಿ ಒಳಗೆಲ್ಲ ತಗಡು ತುಂಬಿಬಿಟ್ಟಿರಿ. ಓಡುವ ಗೆರೆ ಹೋಗಿ, ನಿಂತ ಮಚ್ಚೆಯೊಂದು ಉಳಿಯಿತು. ಈ ಮೂರರಲ್ಲಿ ಯಾವುದು ಎಂಬುದನ್ನು ಸ್ಕ್ಯಾನ್ ಮಾಡುವ ಮೊದಲೇ ತೀರ್ಮಾನಿಸಬೇಕು. ನೀವು ತೀರ್ಮಾನಿಸದಿದ್ದರೆ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ, ಅದಕ್ಕೆ ಕುದುರೆ ಎಂದರೇನೆಂದು ಗೊತ್ತಿಲ್ಲ.

ಸಾಫ್ಟ್‌ವೇರ್‌ನ ಇನ್ನೊಂದು ಕಿತಾಪತಿ. ಪೆನ್ನಿನ ಗೆರೆ ನಮ್ಮ ಕಣ್ಣಿಗೆ ಒಂದು, ಅದಕ್ಕೆ ಎರಡು: ಮಸಿಯ ಈಚಿನ ಅಂಚು ಒಂದು, ಆಚಿನ ಅಂಚು ಇನ್ನೊಂದು. ಎರಡನ್ನೂ ಅದು ಬೇರೆ ಬೇರೆಯಾಗಿ ಹಿಂಬಾಲಿಸುತ್ತದೆ. ದಾರಿಯಲ್ಲಿ ಕಾಗದದ ನಾರು, ಮಸಿ ಹರಡಿದ ಜಾಗ, ಧೂಳಿನ ಕಣ ಎಲ್ಲಕ್ಕೂ ಒಂದೊಂದು ಬಿಂದು ನೆಡುತ್ತದೆ. ನನ್ನ ಮೊದಲ ಹಕ್ಕಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಂದುಗಳಿದ್ದವು. ಕತ್ತರಿಸಿದಾಗ ರೆಕ್ಕೆಯ ಅಂಚನ್ನು ಇಲಿ ಕಡಿದಂತಿತ್ತು. ಗಾಬರಿಯಾಗಿ, ಚಿತ್ರ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಗೆರೆಯನ್ನು ಸರಳಗೊಳಿಸುವ ಆಜ್ಞೆಯನ್ನು ನಾಲ್ಕು ಸಲ ಒತ್ತಿದೆ, ಹಕ್ಕಿ ಸಾಬೂನಿನಷ್ಟು ನುಣುಪಾಯಿತು. ಅದೂ ಸಾವೇ. ಕೊನೆಗೆ ಒಂದು ಸಂಜೆ ಕುಳಿತು ಎಪ್ಪತ್ತು ಬಿಂದುಗಳನ್ನು ಕೈಯಿಂದಲೇ ಇಟ್ಟೆ. ಕೈ ತಿರುಗಿದಲ್ಲಿ ಒಂದು, ಕೈ ಅನುಮಾನಿಸಿದಲ್ಲಿ ಒಂದು, ಉಳಿದ ಕಡೆ ಏನೂ ಇಲ್ಲ.

ದೊಡ್ಡದು ಮಾಡುವಾಗಲೂ ಎಚ್ಚರ ಬೇಕು. ಐದು ಸೆಂಟಿಮೀಟರ್ ಗೀಚನ್ನು ಅರವತ್ತು ಸೆಂಟಿಮೀಟರ್‌ಗೆ ಹಿಗ್ಗಿಸಿದರೆ ಹನ್ನೆರಡು ಪಟ್ಟು. ಕಾಗದದಲ್ಲಿ ಕಾಣದಿದ್ದ ಅರ್ಧ ಮಿಲಿಮೀಟರ್ ನಡುಕ ತಗಡಿನಲ್ಲಿ ಆರು ಮಿಲಿಮೀಟರ್ ಡುಬ್ಬವಾಗುತ್ತದೆ. ಬೆರಳು ಎಳೆದ ಗೆರೆ ಬೇರೆ, ತೋಳು ಎಳೆದ ಗೆರೆ ಬೇರೆ. ಅದಕ್ಕೆ ನಾನು ಚಿಕ್ಕ ಗೀಚನ್ನು ಎದುರಿಗೆ ಅಂಟಿಸಿಕೊಂಡು, ಕತ್ತರಿಸಬೇಕಾದ ಅಳತೆಯಲ್ಲೇ ದೊಡ್ಡ ಕಾಗದದ ಮೇಲೆ, ನಿಂತುಕೊಂಡು, ದಪ್ಪ ಕುಂಚದಿಂದ ಏಳೆಂಟು ಸಲ ಬೇಗ ಬೇಗ ಬರೆಯುತ್ತೇನೆ. ಮೊದಲ ಮೂರು ನಕಲುಗಳಾಗಿರುತ್ತವೆ. ಐದನೆಯದರ ಹೊತ್ತಿಗೆ ನನಗೆ ಬೇಸರ ಬಂದಿರುತ್ತದೆ, ಆಗ ಕುದುರೆ ಮತ್ತೆ ಓಡತೊಡಗುತ್ತದೆ. ಸ್ಕ್ಯಾನ್ ಮಾಡುವುದು ಅದನ್ನು. ಕುಂಚದ ಅಗಲವೇ ಲೋಹದ ಪಟ್ಟಿಯ ಅಗಲವಾಗುವುದರಿಂದ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದೂ ಅಲ್ಲೇ ಇತ್ಯರ್ಥವಾಗುತ್ತದೆ.

ಪ್ರ: ಮುಖವೊಂದನ್ನು ಕತ್ತರಿಸಿದೆ. ಕಣ್ಣುಗಳೆರಡೂ ಟಣ್ ಎಂದು ಕೆಳಗೆ ಬಿದ್ದವು. ನಗಬೇಡಿ.

ಉ: ನಗುತ್ತಿಲ್ಲ. ನನ್ನ ಮನೆಯಲ್ಲಿ ಒಂದು ಡಬ್ಬಿ ತುಂಬ ಕಣ್ಣುಗಳೇ ಇವೆ.

ಕಾಗದದಲ್ಲಿ ಗೆರೆ ಒಂಟಿಯಾಗಿ ಬದುಕಬಲ್ಲದು, ಅದನ್ನು ಹಿಡಿದುಕೊಳ್ಳಲು ಕಾಗದವಿದೆ. ತಗಡಿನಲ್ಲಿ ಪ್ರತಿಯೊಂದೂ ಪಕ್ಕದ್ದರ ಕೈ ಹಿಡಿದಿರಬೇಕು. ನಮ್ಮ 'ಠ' ಅಕ್ಷರವನ್ನೇ ತೆಗೆದುಕೊಳ್ಳಿ. ತಗಡಿನ ಹಲಗೆಯಲ್ಲಿ ಅದರ ಗೆರೆಯನ್ನು ಸೀಳಾಗಿ ಕೊರೆದರೆ ಸುತ್ತಿನ ಒಳಭಾಗ ಇಡಿಯಾಗಿ ಕಳಚಿಕೊಳ್ಳುತ್ತದೆ, ಉಳಿಯುವುದು ಒಂದು ತೂತು. ಗೆರೆಯನ್ನೇ ಲೋಹವಾಗಿ ಉಳಿಸಿದರೆ ಸುತ್ತು ನಿಲ್ಲುತ್ತದೆ, ನಡುವಿನ ಚುಕ್ಕೆ ಬೀಳುತ್ತದೆ. ಎರಡು ದಾರಿಯಲ್ಲೂ ಏನೋ ಒಂದು ಬೀಳುತ್ತದೆ, ಬೀಳುವುದು ಮಾತ್ರ ಬೇರೆ ಬೇರೆ. ಹೀಗೆ ಬಿಡಿಯಾಗುವ ಭಾಗವನ್ನು ನಾವು ದ್ವೀಪ ಎನ್ನುತ್ತೇವೆ, ಅದನ್ನು ದಡಕ್ಕೆ ಕಟ್ಟುವ ಕಿರುಪಟ್ಟಿಯನ್ನು ಸೇತುವೆ ಎನ್ನುತ್ತೇವೆ.

ಸೇತುವೆ ಕಟ್ಟುವುದು ಎಲ್ಲಿ ಎಂಬುದೇ ಈ ಕೆಲಸದ ಅರ್ಧ ಕಲೆ. ಹೊಸಬರು ಪೆಟ್ಟಿಗೆಗಳ ಮೇಲೆ ಅಚ್ಚು ಹೊಡೆದ ಅಕ್ಷರಗಳಂತೆ ನಡುಮಧ್ಯದಲ್ಲಿ ನೆಟ್ಟಗೆ ಒಂದು ಪಟ್ಟಿ ಬಿಡುತ್ತಾರೆ. ಮುಖ ಆಗ ಮುಖವಾಗಿ ಕಾಣದೆ ಸಾಮಾನಿನ ಗುರುತಾಗಿ ಕಾಣುತ್ತದೆ. ಗೀಚಿನಲ್ಲಿ ಕೈ ಈಗಾಗಲೇ ಎಲ್ಲಿ ಹತ್ತಿರ ಹಾದುಹೋಗಿದೆ ಎಂದು ಹುಡುಕಿ. ಕಣ್ಣಿನ ಮೂಲೆಯ ಗೆರೆ ಹುಬ್ಬಿನ ಬಳಿ ಸುಳಿದಿರುತ್ತದೆ, ಅಲ್ಲಿ ಎರಡನ್ನೂ ಅಂಟಿಸಿ. ಮೂಗಿನ ಗೆರೆಯನ್ನು ಸ್ವಲ್ಪ ಮೇಲಕ್ಕೆ ಎಳೆದರೆ ಹುಬ್ಬಿಗೆ ತಾಗುತ್ತದೆ, ಹಣೆ ಮೂಗನ್ನು ಹೊರುತ್ತದೆ. ಸೇತುವೆ ಇದೆಯೆಂದು ನೋಡುವವರಿಗೆ ಗೊತ್ತೇ ಆಗಬಾರದು. ವರ್ಕ್‌ಷಾಪಿನಿಂದ ಕಲಿತುಬಂದ ನನ್ನ ಲೆಕ್ಕ ಇಷ್ಟು: ಸೇತುವೆಯ ಅಗಲ ತಗಡಿನ ದಪ್ಪದ ಎರಡರಷ್ಟಕ್ಕಿಂತ ಕಡಿಮೆ ಇರಬಾರದು, ತೂತಿನ ವ್ಯಾಸ ತಗಡಿನ ದಪ್ಪಕ್ಕಿಂತ ಕಡಿಮೆ ಇರಬಾರದು.

ತಗಡಿಗೆ ಕೈಹಾಕುವ ಮೊದಲು ಅದೇ ಚಿತ್ರವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ. ಒಂದು ಮೂಲೆ ಹಿಡಿದು ಎತ್ತಿ, ಸಣ್ಣಗೆ ಅಲುಗಿಸಿ. ಬಿದ್ದದ್ದು ಲೋಹದಲ್ಲೂ ಬೀಳುತ್ತದೆ. ಜೋತುಬಿದ್ದದ್ದು ಲೋಹದಲ್ಲಿ ಬಾಗುತ್ತದೆ.

ಪ್ರ: ನಾನು ಗೀಚುತ್ತೇನೆ, ಯಂತ್ರ ಕತ್ತರಿಸುತ್ತದೆ. ಇದನ್ನು ನನ್ನ ಕೃತಿ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಚಿತ್ರಕಲಾ ಶಿಕ್ಷಕರಾಗಿರುವ ಗೆಳೆಯರೊಬ್ಬರು ಇದು ಕಲೆಯಲ್ಲ, ಮುದ್ರಣ ಎಂದರು.

ಉ: ನಿಮ್ಮ ಗೆಳೆಯರಿಗೆ ಪಿಕಾಸೊ ಒಪ್ಪಿಗೆಯೇ ಎಂದು ಕೇಳಿ. 1912ರಲ್ಲಿ ಆತ ರಟ್ಟು, ಕಾಗದ, ದಾರಗಳಿಂದ ಗಿಟಾರಿನ ಶಿಲ್ಪ ಮಾಡಿ, ಅನಂತರ ಅದನ್ನೇ ತಗಡು ಮತ್ತು ತಂತಿಯಲ್ಲಿ ಮಾಡಿದ. ನಲವತ್ತು ವರ್ಷಗಳ ಬಳಿಕ ಕಾಗದ ಕತ್ತರಿಸಿ, ಮಡಿಸಿ, ಮುಖಗಳನ್ನೂ ಹಕ್ಕಿಗಳನ್ನೂ ಮಾಡಿದಾಗ ಅವುಗಳನ್ನು ಲೋಹಕ್ಕೆ ಇಳಿಸಿದವರು ತಗಡಿನ ಕೆಲಸಗಾರರು. ನನ್ನಂಥವರು ಎಂದು ಹೇಳಿಕೊಳ್ಳುವ ಆಸೆಯಾಗುತ್ತದೆ, ಇರಲಿ. 1967ರಲ್ಲಿ ಶಿಕಾಗೊದಲ್ಲಿ ಅನಾವರಣಗೊಂಡ ಆತನ ಉಕ್ಕಿನ ಶಿಲ್ಪ ಸುಮಾರು 15 ಮೀಟರ್ ಎತ್ತರ. ಅದರ ತಗಡುಗಳನ್ನು ಆತ ಕತ್ತರಿಸಿದ್ದಲ್ಲ. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಚಿಕ್ಕ ತೂಗುಶಿಲ್ಪಗಳ ತಗಡನ್ನು ತಾನೇ ಕತ್ತರಿಸುತ್ತಿದ್ದ, ಬೃಹತ್ ಶಿಲ್ಪಗಳನ್ನು ಮಾತ್ರ ಅವನ ಚಿಕ್ಕ ಮಾದರಿ ನೋಡಿ ಕಾರ್ಖಾನೆಯವರು ಮಾಡಿಕೊಡುತ್ತಿದ್ದರು.

ನನಗೆ ಇನ್ನೂ ಇಷ್ಟವಾಗುವ ಉದಾಹರಣೆ ಅಮೆರಿಕದ ಇನ್ನೊಬ್ಬ ಶಿಲ್ಪಿ ಡೇವಿಡ್ ಸ್ಮಿತ್‌ನದು. ನ್ಯೂಯಾರ್ಕ್ ರಾಜ್ಯದ ಆಲ್ಬನಿ ಮತ್ತು ಪೊಕಿಪ್ಸಿ ಊರುಗಳ ನಡುವೆ ರೈಲಿನಲ್ಲಿ ಓಡಾಡುವಾಗ ಕಿಟಕಿಯಾಚೆಯ ಹಡ್ಸನ್ ನದಿಯನ್ನು ಈತ ಮತ್ತೆ ಮತ್ತೆ ಗೀಚಿದ. ಒಮ್ಮೆ ಮಸಿಯ ಬಾಟಲಿ ಕುಲುಕುವಾಗ ಮಸಿ ಕೈಮೇಲೆ ಚೆಲ್ಲಿತು. ಆ ಕೈಯನ್ನೇ ಕಾಗದಕ್ಕೆ ಒತ್ತಿ, ಮೂಡಿದ ಗುರುತಿನಿಂದ ಮುಂದುವರಿದ. 1951ರಲ್ಲಿ ಇವೆಲ್ಲ ಸೇರಿ ಗಾಳಿಯಲ್ಲಿ ಬರೆದ ಚಿತ್ರದಂಥ ಉಕ್ಕಿನ ಶಿಲ್ಪವಾಯಿತು. ಅದು ಮುಖ್ಯವಾಗಿ ಬೆಸುಗೆಯ ಕೆಲಸ, ನಾವು ಮಾಡುವ ಕತ್ತರಿ ಕೆಲಸವಲ್ಲ. ಆದರೆ ಸ್ಮಿತ್ ಕಾರ್ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ್ದವನು. ರೈಲಿನ ಕುಲುಕಾಟದ ಗೆರೆಯನ್ನು ಉಕ್ಕಿನಲ್ಲಿ ಎಷ್ಟು ಉಳಿಸಬಹುದು, ಎಷ್ಟು ಬಿಡಬೇಕು ಎಂಬುದು ಅವನ ಕೈಗೆ ಗೊತ್ತಿತ್ತು.

ನಿಮ್ಮ ವಿಷಯದಲ್ಲೂ ನಾನು ಕೇಳುವುದು ಅಷ್ಟೇ. ಯಾವ ಡುಬ್ಬ ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳಿದವರು ಯಾರು? ನೀವಾದರೆ ಕೃತಿ ನಿಮ್ಮದು. ಫೈಲ್ ಕಳುಹಿಸಿ, ಬಂದದ್ದನ್ನು ಗೋಡೆಗೆ ಹಾಕಿದ್ದೀರಾದರೆ, ಗೆಳೆಯರ ಮಾತಿನಲ್ಲಿ ಸ್ವಲ್ಪ ಹುರುಳಿದೆ.

ಪ್ರ: ಯಂತ್ರವಿಲ್ಲದೆ ಮನೆಯಲ್ಲೇ ಶುರು ಮಾಡಲು ಯಾವ ಲೋಹ, ಎಷ್ಟು ದಪ್ಪ, ಯಾವ ಸಲಕರಣೆ?

ಉ: ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ತಾಮ್ರ ಅಥವಾ ಹಿತ್ತಾಳೆ, ಮತ್ತು ಅಕ್ಕಸಾಲಿಗರು ಬಳಸುವ ಸಣ್ಣ ಗರಗಸ. ಅಲ್ಯೂಮಿನಿಯಂ ಮೆತ್ತಗಿದೆ ಎಂದು ಎಲ್ಲರೂ ಅದಕ್ಕೇ ಕೈಹಾಕುತ್ತಾರೆ, ಆದರೆ ಅದರ ಪುಡಿ ಗರಗಸದ ಹಲ್ಲಿಗೆ ಅಂಟಿಕೊಂಡು ಸತಾಯಿಸುತ್ತದೆ.

ಬ್ಲೇಡಿನ ಹಲ್ಲು ಹಿಡಿಯ ಕಡೆಗೆ ಮುಖ ಮಾಡಿರಬೇಕು, ಅದು ಕೊರೆಯುವುದು ಕೆಳಗೆ ಎಳೆಯುವಾಗ. ತಗಡಿನ ದಪ್ಪದೊಳಗೆ ಯಾವಾಗಲೂ ಎರಡು ಮೂರು ಹಲ್ಲಾದರೂ ಇರುವಷ್ಟು ಸಣ್ಣ ಬ್ಲೇಡ್ ಆರಿಸಿಕೊಳ್ಳಿ. ಒಂದು ಮಿಲಿಮೀಟರ್‌ಗೆ ನಾನು 2/0 ಸಂಖ್ಯೆಯದನ್ನು ಬಳಸುತ್ತೇನೆ. ಮೇಜಿನ ಅಂಚಿಗೆ ಕವೆಯಂತೆ ಸೀಳಿದ ಮರದ ತುಂಡೊಂದನ್ನು ಬಿಗಿದು, ಅದರ ಮೇಲೆ ತಗಡನ್ನು ಒತ್ತಿಹಿಡಿಯಿರಿ. ಗರಗಸ ಅದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತಿರಲಿ, ತಿರುಗಬೇಕಾದದ್ದು ತಗಡು. ಒಳಗಿನ ಆಕಾರಗಳಿಗೆ ಮೊದಲು ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ ಒಳಗೆ ತೂರಿಸಿ ಮತ್ತೆ ಬಿಗಿಯಬೇಕು. ಆಗಾಗ ಬ್ಲೇಡಿಗೆ ಜೇನುಮೇಣ ಸವರಿ. ಮೊದಲ ದಿನ ನಾನು ಹನ್ನೊಂದು ಬ್ಲೇಡ್ ಮುರಿದೆ, ಎಲ್ಲವನ್ನೂ ತಿರುವಿನಲ್ಲಿ ಅವಸರ ಮಾಡಿ. ತಿರುವಿನಲ್ಲಿ ಮುಂದೊತ್ತದೆ, ನಿಂತಲ್ಲೇ ಗರಗಸ ಆಡಿಸುತ್ತಾ ತಗಡನ್ನು ಮೆಲ್ಲನೆ ತಿರುಗಿಸಬೇಕು.

ತಗಡು ಕತ್ತರಿ ಸಾಲದೇ ಎಂದು ಕೇಳುವಿರಿ. ದೊಡ್ಡ ಬಾಗುಗಳಿಗೆ ಸಾಕು, ಆದರೆ ಕತ್ತರಿ ಅಂಚನ್ನು ಮುರುಟಿಸುತ್ತದೆ, ಒಳಗಿನ ಕಣ್ಣು ಕಿಟಕಿಗಳಿಗೆ ತೂರುವುದೂ ಇಲ್ಲ. ಹಿಡಿಯ ಬಣ್ಣ ನೋಡಿ ಕೊಳ್ಳಿ: ಹಳದಿ ನೇರಕ್ಕೆ, ಕೆಂಪು ಎಡಕ್ಕೆ ತಿರುಗಲು, ಹಸಿರು ಬಲಕ್ಕೆ.

ದೊಡ್ಡ ಕೆಲಸವನ್ನು ಹೊರಗೆ ಕೊಡುವುದಾದರೆ ಸೀಳಿನ ಅಗಲ ಕೇಳಿಕೊಳ್ಳಿ. ತೆಳು ತಗಡಿನಲ್ಲಿ ಲೇಸರ್ 0.1ರಿಂದ 0.3 ಮಿಲಿಮೀಟರ್‌ನಷ್ಟು ತಿನ್ನುತ್ತದೆ, ನೀರಿನ ಧಾರೆ ಒಂದು ಮಿಲಿಮೀಟರ್‌ನ ಆಸುಪಾಸು, ಕಾದ ಅನಿಲದ ಧಾರೆಯಿಂದ ಕತ್ತರಿಸುವ ಪ್ಲಾಸ್ಮಾ ಅದಕ್ಕಿಂತಲೂ ಹೆಚ್ಚು. ರೆಪ್ಪೆಗೂದಲು ಬರೆದು ಪ್ಲಾಸ್ಮಾಕ್ಕೆ ಕೊಟ್ಟರೆ ಹುಬ್ಬೂ ಹೋಗುತ್ತದೆ. ಉಕ್ಕಿಗೆ ಬಣ್ಣ ಬಳಿಯುವ ಯೋಚನೆಯಿದ್ದರೆ ಲೇಸರ್‌ನವರು ಆಮ್ಲಜನಕ ಊದಿದರೋ ಸಾರಜನಕ ಊದಿದರೋ ಎಂದೂ ಕೇಳಿ. ಆಮ್ಲಜನಕದಲ್ಲಿ ಕತ್ತರಿಸಿದ ಅಂಚಿಗೆ ಕಪ್ಪು ಪೊರೆ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ ಬಣ್ಣ ಬಳಿದರೆ ಅಂಚಿನಿಂದಲೇ ಏಳುತ್ತದೆ. ತೂಕವನ್ನೂ ಮರೆಯಬೇಡಿ: ಎರಡು ಮಿಲಿಮೀಟರ್ ಉಕ್ಕು ಚದರ ಮೀಟರಿಗೆ 15.7 ಕಿಲೊ, ಅಷ್ಟೇ ಅಲ್ಯೂಮಿನಿಯಂ 5.4 ಕಿಲೊ.

ಗದರಿಸಿ ಹೇಳಬೇಕಾದ ಮಾತು ಒಂದಿದೆ. ಜಿಐ ಶೀಟ್ ಎಂದು ಕರೆಯುವ ಸತು ಲೇಪಿಸಿದ ತಗಡು ಮನೆಯಲ್ಲಿ ಬಿದ್ದಿದೆ ಎಂದು ಅದಕ್ಕೆ ಬೆಸುಗೆ ಹಾಕುವುದಾಗಲಿ, ಪ್ಲಾಸ್ಮಾ ಹಚ್ಚುವುದಾಗಲಿ ಬೇಡ. ಸತುವಿನ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ನನಗೆ ಬಂದಿದೆ, ಹಲ್ಲು ಕಟಕಟ ಎನ್ನುತ್ತಿತ್ತು. ಕನ್ನಡಕ ಯಾವಾಗಲೂ ಇರಲಿ. ತೂತು ಕೊರೆಯುವ ಯಂತ್ರದ ಮುಂದೆ ಮಾತ್ರ ಕೈಗವಸು ಬೇಡ, ಅದು ತಿರುಗುವ ಮೊನೆಗೆ ಸಿಕ್ಕಿ ಕೈಯನ್ನೂ ಎಳೆದುಕೊಳ್ಳುತ್ತದೆ.

ಪ್ರ: ಐದು ವರ್ಷದ ಮಗಳು ಬರೆದ 'ಅಜ್ಜಿ'ಯ ಚಿತ್ರವನ್ನು ಹಿತ್ತಾಳೆಯಲ್ಲಿ ಮಾಡಿಸಬೇಕೆಂದಿದ್ದೇನೆ. ಒಂದು ಕೈಯಲ್ಲಿ ಏಳು ಬೆರಳುಗಳಿವೆ. ಸರಿಪಡಿಸಬಹುದೇ?

ಉ: ಏಳು ಬೆರಳೂ ಇರಲಿ. ಮಗಳನ್ನು ಒಂದು ಮಾತು ಕೇಳಿ, ಆಮೇಲೆ ಪ್ರತಿ ಬೆರಳಿನ ತುದಿಯನ್ನೂ ಅರದಿಂದ ಉಜ್ಜಿ ಮೊಂಡು ಮಾಡಿಸಿ.

ಪ್ರ: ಸುಮ್ಮನೆ ಗೀಚಿದಾಗ ಚೆನ್ನಾಗಿ ಬರುತ್ತದೆ. ತಗಡಿನಲ್ಲಿ ಕತ್ತರಿಸುವುದಕ್ಕೆಂದೇ ಗೀಚಲು ಕುಳಿತರೆ ಕೈ ಮರಗಟ್ಟುತ್ತದೆ. ಏನು ಮಾಡಲಿ?

ಉ: ಇದು ನನ್ನನ್ನೂ ಬಿಟ್ಟಿಲ್ಲ. ಹಿಂದಿನ ಬರಹ ಬಂದ ಮೇಲೆ ಫೋನ್ ಬಂದರೆ ಸಾಕು, ಒಳ್ಳೆಯ ಪೆನ್ನು ಹುಡುಕತೊಡಗಿದೆ. ಆ ತಿಂಗಳು ಗೀಚಿದ ಒಂದೂ ಕೆಲಸಕ್ಕೆ ಬರಲಿಲ್ಲ.

1920ರ ದಶಕದಲ್ಲಿ ಸರ್ರಿಯಲಿಸ್ಟರು, ಅಂದರೆ ಕನಸು ಮತ್ತು ಒಳಮನಸ್ಸಿನಿಂದ ಕಲೆ ಹುಟ್ಟಿಸಲು ಹೊರಟ ಕಲಾವಿದರು, ಹೀಗೆ ಯೋಚಿಸದೆ ಗೀಚುವುದನ್ನೇ ಒಂದು ಸಾಧನೆಯಾಗಿ ಮಾಡಿಕೊಂಡಿದ್ದರು. ಅವರಲ್ಲೊಬ್ಬನಾದ ಆಂಡ್ರೆ ಮ್ಯಾಸೋನ್ ಏನು ಬರೆಯುತ್ತೇನೆಂಬ ಯೋಚನೆಯೇ ಇಲ್ಲದೆ ಪೆನ್ನು ಓಡಿಸುತ್ತಿದ್ದ, ಗೆರೆಗಳ ಸಿಕ್ಕಿನಲ್ಲಿ ಕೈಯೋ ಮೀನೋ ಹಕ್ಕಿಯೋ ಮೂಡಿದರೆ ಆಮೇಲೆ ಅದನ್ನು ಎತ್ತಿಕೊಳ್ಳುತ್ತಿದ್ದ. ಮೊದಲು ಗೆರೆ, ಆಮೇಲೆ ಹೆಸರು. ನೀವು ಮಾಡುತ್ತಿರುವುದು ತಿರುಗುಮುರುಗು: ಮೊದಲೇ ನವಿಲು ಎಂದುಕೊಂಡು ಕುಳಿತಿದ್ದೀರಿ.

ನನ್ನ ಉಪಾಯ ಸೋಮಾರಿಗಳದು. ಹಳೆಯ ಬಿಲ್ಲು, ಲಕೋಟೆ, ಕ್ಯಾಲೆಂಡರಿನ ಹಿಂಬದಿ, ಎಲ್ಲಿ ಏನು ಗೀಚಿದ್ದರೂ ನೋಡದೆ ಒಂದು ಪೆಟ್ಟಿಗೆಗೆ ಹಾಕುತ್ತೇನೆ. ನಾಲ್ಕೈದು ತಿಂಗಳಿಗೊಮ್ಮೆ ಪೆಟ್ಟಿಗೆ ಸುರಿದಾಗ ಅರ್ಧಕ್ಕರ್ಧ ಯಾರು ಬರೆದದ್ದೋ ಎಂಬಂತಿರುತ್ತವೆ. ಬೇರೆಯವರ ಚಿತ್ರ ನೋಡಿದಂತೆ ನೋಡಿ ಆರಿಸುತ್ತೇನೆ. ನೂರಕ್ಕೆ ಎರಡು ಮೂರು ಸಿಗುತ್ತವೆ. ಗೀಚುವವಳನ್ನೂ ಕತ್ತರಿಸುವವಳನ್ನೂ ಒಂದೇ ದಿನ ಒಂದೇ ಕೋಣೆಯಲ್ಲಿ ಕೂರಿಸಬಾರದು, ಜಗಳವಾಡುತ್ತಾರೆ.

ಇನ್ನೊಂದು ದಾರಿ, ಪೆನ್ನನ್ನೇ ಬಿಟ್ಟುಬಿಡುವುದು. 1941ರ ಶಸ್ತ್ರಚಿಕಿತ್ಸೆಯ ನಂತರ ಫ್ರೆಂಚ್ ಚಿತ್ರಕಾರ ಮಾಟೀಸ್‌ಗೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯುವುದು ಕಷ್ಟವಾಯಿತು. ಬಣ್ಣ ಬಳಿದ ಕಾಗದಕ್ಕೆ ನೇರವಾಗಿ ಕತ್ತರಿ ಹಾಕುವುದನ್ನು ಆತ ತನ್ನ ಮುಖ್ಯ ಮಾಧ್ಯಮವನ್ನಾಗಿಯೇ ಮಾಡಿಕೊಂಡ. ಹಾಗೆ ಗುರುತು ಹಾಕಿಕೊಳ್ಳದೆ ಕಾಗದ ಕತ್ತರಿಸಿ ನೋಡಿ. ಕತ್ತರಿಗೆ ಹಿಂದೆ ಸರಿಯಲು ಬರುವುದಿಲ್ಲ, ಅಳಿಸಲು ಬರುವುದಿಲ್ಲ. ಕತ್ತರಿಸಿದ ಕಾಗದವನ್ನು ತಗಡಿನ ಮೇಲಿಟ್ಟು ಸುತ್ತ ಗೆರೆ ಎಳೆದರೆ ಆಯಿತು, ಸ್ಕ್ಯಾನರೂ ಬೇಡ, ಬಿಂದುಗಳ ಕಾಟವೂ ಇಲ್ಲ.

ಪ್ರ: ಉಕ್ಕಿನ ತಗಡಿನಲ್ಲಿ ಮಾಡಿದ ಮರವನ್ನು ಗೋಡೆಗೆ ಹಾಕಿದರೆ ಅಂಟಿಸಿದ ಸ್ಟಿಕ್ಕರ್‌ನಂತೆ ಕಾಣುತ್ತಿದೆ. ಮೇಲಾಗಿ ತುಕ್ಕು ಬೆರಳಚ್ಚಿನ ಆಕಾರದಲ್ಲೇ ಮೂಡಿದೆ!

ಉ: ಗೋಡೆಯಿಂದ ಎರಡು ಸೆಂಟಿಮೀಟರ್ ಈಚೆಗೆ ತನ್ನಿ. ಹಿಂದೆ ಸಣ್ಣ ಕೊಳವೆ ತುಂಡುಗಳನ್ನಿಟ್ಟು ಸ್ಕ್ರೂ ಹಾಕಿದರೆ ಸಾಕು. ಮೇಲಿನಿಂದ ಓರೆಯಾಗಿ ಒಂದೇ ದೀಪ ಬೀಳಲಿ. ನಾನು ಮೊದಲ ಸಲ ಧಾರಾಳವಾಗಿ ಮೂರು ದೀಪ ಹಾಕಿ, ಕೊಂಬೆಗೆ ಮೂರು ನೆರಳು ಮೂಡಿ ಮರ ಪೊದೆಯಾಯಿತು. ಒಂದೇ ನೆರಳಿದ್ದರೆ ತಗಡಿನ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ, ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಎಳೆದಂಥ ಮೆತ್ತನೆಯ ಗೆರೆಯೊಂದು ಹರಿಯುತ್ತದೆ. ಸಂಜೆ ಕಿಟಕಿಯ ಬಿಸಿಲು ಬಂದರೆ ಆ ಎರಡನೆಯ ಗೆರೆ ನಡೆದಾಡುತ್ತದೆ.

ತುಕ್ಕಿಗೆ ನಿಮ್ಮ ಬೆವರೇ ಕಾರಣ. ಸಣ್ಣ ಮರಳು ಕಾಗದದಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಬರಿಗೈ ತಾಗಿಸದೆ ಮೇಣ ಅಥವಾ ಪಾರದರ್ಶಕ ವಾರ್ನಿಷ್ ಹಚ್ಚಿ. ತುಕ್ಕೇ ಇಷ್ಟವಾಗಿದ್ದರೆ ಕಾರ್ಟೆನ್‌ನಂಥ ಉಕ್ಕುಗಳಿವೆ. ಬಯಲಿನಲ್ಲಿ ನೆನೆದು ಒಣಗಿ ನೆನೆದು ಒಣಗಿ ಅವುಗಳ ಮೇಲೆ ಗಟ್ಟಿ ತುಕ್ಕಿನ ಪದರ ಕಟ್ಟುತ್ತದೆ, ಒಳಗಿನ ಉಕ್ಕು ಸವೆಯುವುದು ಬಹಳ ನಿಧಾನವಾಗುತ್ತದೆ. ಆದರೆ ಮೊದಮೊದಲು ಕಂದು ನೀರು ಇಳಿಯುತ್ತದೆ, ಬಿಳಿ ಗೋಡೆಯ ಮುಂದೆ ಬೇಡ.

ಪ್ರ: ಎರಡು ವಾರ ಕುಳಿತು ಹಿತ್ತಾಳೆಯ ಹಕ್ಕಿ ಕೊರೆಯುತ್ತಿದ್ದೆ. ಕೊನೆಯ ತಿರುವಿನಲ್ಲಿ ಗರಗಸ ಜಾರಿ ಕೊಕ್ಕು ತುಂಡಾಯಿತು. ಬೆಸುಗೆ ಹಾಕಲೇ, ಹಾಗೇ ಬಿಡಲೇ?

ಉ: ಹಿತ್ತಾಳೆಗೆ ಬೆಳ್ಳಿಯ ಬೆಸುಗೆ ಹಿಡಿಯುತ್ತದೆ, ಆದರೆ ಬಿಳಿ ಗೆರೆ ಕಾಣುತ್ತದೆ. ತೆಳು ತಗಡಾದರೆ ಕಾವಿಗೆ ಕೊಕ್ಕಿನ ಜೊತೆ ತಲೆಯೂ ಸೊಟ್ಟಗಾದೀತು.

ನನ್ನ ಕಾಗೆಯೊಂದು ಹೀಗೆಯೇ ಒಂದು ಕಾಲು ಕಳೆದುಕೊಂಡಿತು. ಅಳುತ್ತಾ ಅದನ್ನು ಹಾಗೇ ಬಾಗಿಲ ಮೇಲೆ ಹಾಕಿದೆ. ಮೂರು ವರ್ಷವಾಯಿತು, ಇನ್ನೊಂದು ಕಾಲು ಎಲ್ಲಿ ಎಂದು ಒಬ್ಬರೂ ಕೇಳಿಲ್ಲ, ಒಂಟಿ ಕಾಲಿನಲ್ಲಿ ನಿಂತಿದೆ ಎಂದುಕೊಳ್ಳುತ್ತಾರೆ. ಆದರೆ ಕೊಕ್ಕಿಲ್ಲದ ಹಕ್ಕಿಯನ್ನು ಹಾಗೆ ದಾಟಿಸಲಾಗದು. ಇನ್ನೊಂದು ತಗಡು ತನ್ನಿ, ಈ ಸಲ ಕೊಕ್ಕಿನಿಂದಲೇ ಶುರು ಮಾಡಿ. ಗೀಚಿದ ಕಾಗದ ಇಟ್ಟುಕೊಂಡಿದ್ದೀರಿ ತಾನೆ?